ಮೊದಲು ವರ್ಕ್‌ಶಾಪಿನ ಬಾಗಿಲು ತೆರೆಸಿ ನೋಡಿ

ರಾಣೆಬೆನ್ನೂರಿನ ಓದುಗರೊಬ್ಬರು ಮಗಳ ಓದಿನ ಬಗ್ಗೆ ದೀರ್ಘ ಪತ್ರ ಬರೆದಿದ್ದಾರೆ. ಹುಡುಗಿಗೆ ಯಂತ್ರ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ನಿಯಂತ್ರಣ ಮೂರನ್ನೂ ಬೆಸೆಯುವ ಮೆಕಟ್ರಾನಿಕ್ಸ್ ಓದುವ ಹಂಬಲವಿದೆ. ಸಾಲ ಮಾಡಿಯಾದರೂ ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಬೇಕೇ, ಇಲ್ಲವೇ ಸಿಇಟಿ ರ‍್ಯಾಂಕಿಗೆ ಸಿಗುವ ಊರ ಕಡೆಯ ಕಾಲೇಜು ಸಾಕೇ ಎಂದು ಕೇಳಿ, ಎರಡೂ ಕಡೆಯ ಪ್ಲೇಸ್‌ಮೆಂಟ್ ಅಂಕಿಗಳನ್ನು ಲಗತ್ತಿಸಿದ್ದಾರೆ.

ಮಾನ್ಯರೇ, ಬೆಂಗಳೂರಿನ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಪೀಣ್ಯ, ಬೊಮ್ಮಸಂದ್ರ, ಬಿಡದಿಗಳ ಕಾರ್ಖಾನೆಗಳು ಹತ್ತಿರವಿದ್ದರೆ ಇಂಟರ್ನ್‌ಶಿಪ್ ಸುಲಭ. ಆದರೆ ಇಷ್ಟು ಶ್ರದ್ಧೆಯಿಂದ ಸಂಬಳದ ಪಟ್ಟಿ ಮಾಡಿದ ತಾವು ಎರಡರಲ್ಲಿ ಒಂದು ಕಾಲೇಜಿನ ಪ್ರಯೋಗಾಲಯದ ಬಗ್ಗೆಯೂ ಒಂದು ಸಾಲು ಬರೆದಿಲ್ಲವೆಂಬುದು ನನಗೆ ನೋವು ತಂದಿತು. ಹೇಳಿದಷ್ಟೇ ತಿರುಗಿ ನಿಲ್ಲುವ ಸರ್ವೋ ಮೋಟಾರಿನ ಗೇನ್ (ತಪ್ಪನ್ನು ತಿದ್ದಿಕೊಳ್ಳುವ ಚುರುಕು) ಅತಿಯಾದಾಗ ಯಂತ್ರ ಹೇಗೆ ನಡುಗುತ್ತದೆ, ಸೆನ್ಸರಿನ ತಂತಿಯನ್ನು ಮೋಟಾರಿನ ಕೇಬಲ್ಲಿನ ಪಕ್ಕದಲ್ಲೇ ಎಳೆದರೆ ಸಂಕೇತ ಹೇಗೆ ಕೆಡುತ್ತದೆ ಎಂಬುದನ್ನು ಕೈಯಿಟ್ಟು ತಿಳಿಯಬೇಕೇ ಹೊರತು ಬರೀ ನೋಟ್ಸ್ ಓದಿ ತಿಳಿಯಲಾಗದು. ನಾನು ಒಮ್ಮೆ ನೋಡಿದ ಗಾಜಿನ ಗೋಡೆಯ ಕಾಲೇಜೊಂದರಲ್ಲಿ, ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರುಗಳಾದ ಪಿಎಲ್‌ಸಿ ಕಿಟ್‌ಗಳ ಪ್ಲಾಸ್ಟಿಕ್ ಹೊದಿಕೆಯನ್ನೇ ಯಾರೂ ಬಿಚ್ಚಿರಲಿಲ್ಲ. ಅದೇ ವರ್ಷ ಸಣ್ಣ ಊರಿನ ಇನ್ನೊಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಹಳೆಯ ಲೇತ್ ಒಂದನ್ನು ಬಿಚ್ಚಿ, ನಿಖರ ಚಲನೆಗೆ ಬೇಕಾದ ಬಾಲ್ ಸ್ಕ್ರೂ ಮತ್ತು ಸ್ಟೆಪರ್ ಮೋಟಾರು ಜೋಡಿಸಿ, ತಾವೇ ಬರೆದ ಪ್ರೋಗ್ರಾಮಿನಿಂದ ಓಡಿಸುತ್ತಿದ್ದರು. ಅವರ ಮುಖದ ಹಿಗ್ಗು ಈಗಲೂ ನೆನಪಿದೆ.

1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಹೆಸರು ಕಾರ್ಖಾನೆಯವರ ಬಾಯಲ್ಲಿ ಇಂದಿಗೂ ಇರುವುದು, ಅಲ್ಲಿಯ ಡಿಪ್ಲೊಮಾ ಮಕ್ಕಳು ಯಂತ್ರದ ಮುಂದೆ ನಿಂತು ಕಲಿಯುವುದರಿಂದಲೇ. ಅಂಥ ಮಕ್ಕಳು ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಅವರು ಸೇರುವ ತರಗತಿಯಲ್ಲಿ ಉಳಿದವರಿಗೂ ಕಲಿಕೆ ಹೆಚ್ಚುತ್ತದೆ.

ಮಾನ್ಯತೆಯ ವಿಷಯದಲ್ಲೂ ತಮ್ಮ ಪತ್ರದಲ್ಲಿ ಗೊಂದಲವಿದೆ; ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಶ್ರೇಣಿಯನ್ನೇ ಕೋರ್ಸಿನ ಮಾನ್ಯತೆಯೆಂದು ಭಾವಿಸಿದ್ದೀರಿ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಸಲ್ಲುವಂಥದ್ದು. ತಾವು ನೋಡಬೇಕಾದದ್ದು ಆಯಾ ಕೋರ್ಸಿಗೆ ಸಿಗುವ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಯನ್ನು. ಭಾರತ 2014ರಲ್ಲಿ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತಾದರೂ, ಅದರ ಪ್ರಯೋಜನ ದೊರೆಯುವುದು ಎನ್‌ಬಿಎಯ ಟಯರ್-1 (ಮೊದಲ ವರ್ಗದ) ಮಾನ್ಯತೆಯಿರುವ ಕೋರ್ಸುಗಳಿಗೆ ಮಾತ್ರ. ಮಗಳಿಗೆ ಹೊರದೇಶದಲ್ಲಿ ಓದುವ ಯೋಚನೆಯಿದ್ದರೆ ಇದನ್ನು ಈಗಲೇ ವಿಚಾರಿಸಿ. ಸಿಇಟಿ ಸೀಟಿಗೆ ಕಾಲೇಜು, ಕೋರ್ಸುಗಳ ಆಯ್ಕೆ ನಮೂದಿಸುವ ಆಪ್ಷನ್ ಎಂಟ್ರಿಗೆ ಮುಂಚೆ ಅವಳನ್ನು ಕರೆದುಕೊಂಡು, ತರಗತಿ ನಡೆಯುವ ದಿನವೇ ಎರಡೂ ಕಡೆ ಹೋಗಿ. ಒಂದು ಯಂತ್ರಕ್ಕೆ ಎಷ್ಟು ಮಕ್ಕಳು, ಅದು ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದು ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಅವಳೇ ಕೇಳಲಿ.

ಈ ಪ್ರಶ್ನೆಗಳನ್ನು ಪೋಷಕರು ಕೇಳದೆ ಹೋದದ್ದರಿಂದಲೇ ವರ್ಕ್‌ಶಾಪುಗಳನ್ನು ಕಡೆಗಣಿಸುವ ಧೈರ್ಯ ಕಾಲೇಜುಗಳಿಗೆ ಬಂದಿದೆ. ಉತ್ತಮ ಸಾಧನೆಯ ಸಂಸ್ಥೆಗಳಿಗಿದ್ದ ಸೀಟುಗಳ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ 2024-25ರಿಂದ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ವಿಭಾಗಗಳು ಇನ್ನಷ್ಟು ಹಿಗ್ಗುತ್ತಿವೆ, ಮೆಕ್ಯಾನಿಕಲ್ ಸೀಟುಗಳು ಕರಗುತ್ತಿವೆ. ಮೂವತ್ತು ವರ್ಷ ಮಕ್ಕಳಿಗೆ ಫೈಲಿಂಗ್, ವೆಲ್ಡಿಂಗ್ ಕಲಿಸಿದ ಇನ್‌ಸ್ಟ್ರಕ್ಟರ್ ಒಬ್ಬರು ನಿವೃತ್ತರಾದಾಗ, ಅವರ ಹುದ್ದೆಯನ್ನು ತುಂಬುವ ಬದಲು ಅವರಿದ್ದ ಶೆಡ್ಡನ್ನೇ ಖಾಲಿ ಮಾಡಿಸಿ ಕಂಪ್ಯೂಟರ್ ಲ್ಯಾಬ್ ಮಾಡಿದ ಆಡಳಿತ ಮಂಡಳಿಯನ್ನು ನಾನು ಬಲ್ಲೆ. ಆ ಕಾಲೇಜಿನ ಮಾಹಿತಿ ಪುಸ್ತಿಕೆಯ ಮುಖಪುಟದಲ್ಲಿ ಈಗಲೂ ರೋಬೋಟಿನ ಚಿತ್ರವಿದೆ.