ಹತ್ತು ಸಲ ಹಾಕಿದರೂ ಆರು ಬೀಳಲಿಲ್ಲ!

ಪ್ರಶ್ನೆ: ಮೇಡಂ, ರಜೆಯಲ್ಲಿ ಮಗನ ಜೊತೆ ಲೂಡೋ ಆಡಿದೆ. ಹತ್ತು ಸಲ ದಾಳ ಹಾಕಿದರೂ ಆರು ಬೀಳಲಿಲ್ಲ, ಒಂದು ಕಾಯಿಯೂ ಮನೆಯಿಂದ ಹೊರಡಲಿಲ್ಲ. ಒಂದು ಸಲಕ್ಕೆ 1/6 ಅಂದರೆ ಆರು ಸಲಕ್ಕೆ ಖಂಡಿತ ಬೀಳಬೇಕು, ಅಲ್ವಾ? ದಾಳದಲ್ಲೇ ಐಬಿದೆಯಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಪಾಪ, ದಾಳವನ್ನು ಬಯ್ಯಬೇಡಿ. ನೀವು 1/6 ಅನ್ನು ಆರು ಸಲ ಕೂಡಿದ್ದೀರಿ. ಹಾಗೇ ಕೂಡುತ್ತಾ ಹೋದರೆ ಏಳು ಸಲಕ್ಕೆ 7/6 ಆಗುತ್ತೆ. ನೂರಕ್ಕೆ ನೂರಕ್ಕಿಂತ ಜಾಸ್ತಿ ಖಾತ್ರಿ ಎಲ್ಲಾದರೂ ಉಂಟೇ?

ಎರಡೇ ಸಲ ಹಾಕಿ ನೋಡೋಣ. ಒಟ್ಟು 36 ಜೋಡಿ. ಮೊದಲ ಸಲ ಆರು ಬೀಳುವ ಜೋಡಿ 6, ಎರಡನೇ ಸಲ ಆರು ಬೀಳುವ ಜೋಡಿ 6. ಕೂಡಿದರೆ 12. ಆದರೆ ಎರಡು ಸಲವೂ ಆರು ಬಿದ್ದ ಜೋಡಿ ಎರಡೂ ಕಡೆ ಲೆಕ್ಕಕ್ಕೆ ಬಂದುಬಿಟ್ಟಿದೆ! ನಿಜವಾಗಿ ಇರುವುದು 11. ನಿಮ್ಮ ಲೆಕ್ಕ ಜಾರಿದ್ದು ಇಲ್ಲೇ.

ಅದಕ್ಕೇ ನಾನು ಯಾವಾಗಲೂ ಉಲ್ಟಾ ಕಡೆಯಿಂದ ಹೋಗುತ್ತೇನೆ. ಒಂದು ಸಲ ಆರು ಬೀಳದಿರುವುದು 5/6. ಎರಡು ಸಲವೂ ಬೀಳದಿರುವುದು 5/6 ಗುಣಿಸು 5/6, ಅಂದರೆ 25/36. ಹೀಗೇ ಗುಣಿಸುತ್ತಾ ಹೋಗಿ. ಆರು ಸಲ ಹಾಕಿಯೂ ಬರಿಗೈಯಲ್ಲಿ ಕೂರುವ ಸಾಧ್ಯತೆ ನೂರಕ್ಕೆ ಸುಮಾರು 33. ಹತ್ತು ಸಲಕ್ಕೆ ನೂರಕ್ಕೆ 16. ನಿಮ್ಮಂಥ ಆರು ಜನ ಆಡಲು ಕೂತರೆ ಹೆಚ್ಚುಕಡಿಮೆ ಒಬ್ಬರಿಗೆ ಈ ಗತಿ!

ಹಾಗಂತ ಹನ್ನೊಂದನೇ ಸಲ ಬಿದ್ದೇ ಬೀಳುತ್ತೆ ಅಂದುಕೊಳ್ಳಬೇಡಿ. ಹಿಂದಿನದ್ದು ದಾಳಕ್ಕೆ ಗೊತ್ತಿಲ್ಲ. ಆಗಲೂ ಅದೇ 1/6. ನಮ್ಮಜ್ಜಿ ಚೌಕಾಬಾರ ಆಡುವಾಗ ಎಂಟು ಬೀಳದಿದ್ದರೆ ಹುಣಸೆ ಬೀಜವನ್ನು ಸೆರಗಲ್ಲಿ ಒರೆಸಿ, ಊದಿ, ಮತ್ತೆ ಹಾಕುತ್ತಿದ್ದರು. ಒಂದು ಬದಿ ಉಜ್ಜಿ ಬಿಳಿ ಮಾಡಿದ ಬೀಜ ಎರಡೂ ಬದಿಗೆ ಸಮನಾಗಿ ಬೀಳುತ್ತೆ ಅಂದುಕೊಂಡರೂ, ನಾಲ್ಕು ಬೀಜದ 16 ಬಗೆಯಲ್ಲಿ ನಾಲ್ಕೂ ಬೋರಲಾಗಿ ಎಂಟು ಬರುವುದು ಒಂದೇ ಬಗೆ. ಅದೇ ಎರಡು ಬೀಳುವುದು 6 ಬಗೆಯಲ್ಲಿ. ಅಜ್ಜಿ ಸುಮ್ನೆ ಊದಿದ್ದೇ ಬಂತು.

ಆದರೂ ಅನುಮಾನ ಹೋಗದಿದ್ದರೆ ದಾಳದ ಎದುರುಬದುರು ಮುಖ ಕೂಡಿ ನೋಡಿ, 7 ಬರಬೇಕು. ಆಮೇಲೆ 60 ಸಲ ಹಾಕಿ, ಆರು ಬಿದ್ದಾಗೆಲ್ಲ ಚೀಟಿಯಲ್ಲಿ ಒಂದು ಗೆರೆ ಎಳೆಯಿರಿ. ಹತ್ತರ ಆಸುಪಾಸು ಗೆರೆ ಇರಬೇಕು. ಏಳೋ ಹದಿಮೂರೋ ಆದರೂ ಚಿಂತೆಯಿಲ್ಲ. ಒಂದೋ ಎರಡೋ ಇದ್ದರೆ ಮಾತ್ರ ಆ ದಾಳವನ್ನು ಮಗನಿಗೆ ಕೊಟ್ಟು, ನೀವು ಹೊಸದು ತನ್ನಿ.