ಆಬ್ಲೇನಾ, ಆಬ್ಲಾಬಾನಾ? ಮೊದಲು ಕನ್ನಡದಲ್ಲಿ ಹೇಳಿ ನೋಡಿ

ಸ್ಪ್ಯಾನಿಷ್ ಭೂತಕಾಲದ ರೂಪಗಳೆಲ್ಲ ಬಾಯಿಪಾಠ ಆಗಿವೆ, ಆದರೆ ಮಾತಾಡುವಾಗ 'ಆಬ್ಲೇ' (ಮಾತಾಡಿದೆ) ಅನ್ನಬೇಕೋ 'ಆಬ್ಲಾಬಾ' (ಮಾತಾಡುತ್ತಿದ್ದೆ) ಅನ್ನಬೇಕೋ ಗೊತ್ತಾಗಲ್ಲ ಅಂತ ಕೇಳಿದ್ದೀರಿ. ನೀವು ಇಂಗ್ಲಿಷಿನಲ್ಲಿ ಯೋಚಿಸಿ ಸ್ಪ್ಯಾನಿಷ್‌ಗೆ ಹೋಗುತ್ತಿದ್ದೀರಿ ಅನ್ನಿಸುತ್ತದೆ. ಕನ್ನಡದಿಂದ ಹೋಗಿ, ದಾರಿ ಹತ್ತಿರ.

'ನೀನು ಫೋನ್ ಮಾಡಿದಾಗ ಊಟ ಮಾಡುತ್ತಿದ್ದೆ.' ಫೋನ್ ಒಂದು ಸಲ ಬಂತು, ಮುಗಿಯಿತು. ಊಟ ಇನ್ನೂ ನಡೆದಿತ್ತು. ಸ್ಪ್ಯಾನಿಷ್‌ನಲ್ಲಿ 'ಕೊಮೀಆ ಕ್ವಾಂದೊ ಯಾಮಾಸ್ತೆ'. 'ಚಿಕ್ಕಂದಿನಲ್ಲಿ ದಿನಾ ಅಜ್ಜಿ ಮನೆಯಲ್ಲೇ ಊಟ ಮಾಡುತ್ತಿದ್ದೆ' ಅನ್ನುವುದಕ್ಕೂ ಅದೇ 'ಕೊಮೀಆ'. ನಡೆಯುತ್ತಿದ್ದದ್ದಕ್ಕೂ ರೂಢಿಗೂ ನಮ್ಮಲ್ಲಿ ಒಂದೇ ರೂಪ ಸಾಕು, ಅವರಲ್ಲೂ ಅಷ್ಟೇ. ಕಾಲ ಎಷ್ಟು ಉದ್ದ ಅನ್ನುವುದನ್ನು ನೋಡಬೇಡಿ. 'ಮ್ಯಾಡ್ರಿಡ್‌ನಲ್ಲಿ 3 ವರ್ಷ ವಾಸ ಮಾಡಿದೆ' ಅಂದರೆ ಲೆಕ್ಕ ಮುಗಿದಿದೆ, ಹಾಗಾಗಿ 'ಬಿಬೀ'. 'ಆಗ ಮ್ಯಾಡ್ರಿಡ್‌ನಲ್ಲಿ ವಾಸ ಮಾಡುತ್ತಿದ್ದೆ' ಅಂದರೆ 'ಬಿಬೀಆ'.

ಇನ್ನು ಮುಗಿದ ಕೆಲಸದ ಪ್ರತ್ಯಯಗಳು. ಆಬ್ಲಾರ್ (ಮಾತಾಡು) ತರ 'ಆರ್' ಅಂತ ಮುಗಿಯುವ ಕ್ರಿಯಾಪದಗಳಿಗೆ ನಾನು, ನೀನು, ಅವನು, ನಾವು, ಅವರು ಅನ್ನುವ ಕ್ರಮದಲ್ಲಿ ಏ, ಆಸ್ತೆ, ಓ, ಆಮೋಸ್, ಆರೋನ್. ಕೊಮೇರ್ (ತಿನ್ನು), ಬಿಬೀರ್ (ವಾಸ ಮಾಡು) ತರದವು ಎರಡಕ್ಕೂ ಈ, ಇಸ್ತೆ, ಇಯೋ, ಇಮೋಸ್, ಇಯೆರೋನ್. ಸ್ಪೇನಿನ 'ಬೊಸೋತ್ರೋಸ್' (ನೀವೆಲ್ಲ) ರೂಪ ಸದ್ಯಕ್ಕೆ ಬಿಡಿ. 'ಆಬ್ಲಾಮೋಸ್' ಅಂದರೆ ಮಾತಾಡುತ್ತೇವೆ, ಮಾತಾಡಿದೆವು ಎರಡೂ ಆಗುತ್ತದೆ. 'ಅಯೇರ್' ಅಂದರೆ ನಿನ್ನೆ, ಅದೊಂದು ಪದ ಸೇರಿಸಿದರೆ ಗೊಂದಲ ಇಲ್ಲ.

ನಮ್ಮವರು ಜಾಸ್ತಿ ತಪ್ಪುವುದು ಒತ್ತಿನಲ್ಲಿ. 'ಕೊಂಪ್ರೊ ಪಾನ್' ಅಂತ ಮೊದಲ ಅಕ್ಷರ ಒತ್ತಿದರೆ 'ಬ್ರೆಡ್ ಕೊಳ್ಳುತ್ತೇನೆ'. ಕೊನೆ ಒತ್ತಿ 'ಕೊಂಪ್ರೋ ಪಾನ್' ಅಂದರೆ 'ಅವನು ಕೊಂಡ', ಅಥವಾ 'ಅವಳು ಕೊಂಡಳು'. ಕಾಲವೂ ಬದಲು, ಆಳೂ ಬದಲು! ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗಲ್ಲ ಅಲ್ವಾ, ಹಾಗಾಗಿ ನಮ್ಮ ಕಿವಿಗೆ ಇದು ಬೀಳುವುದೇ ಇಲ್ಲ. ಕೊನೆ ಸ್ವರದ ಮೇಲಿನ ಗೆರೆಯನ್ನು ಬರೆಯುವಾಗ ಯಾವತ್ತೂ ಬಿಡಬೇಡಿ. ಒಂದು ವಾರ ಸುಮ್ನೆ ಈ ಜೋಡಿಗಳನ್ನೇ ಜೋರಾಗಿ ಹೇಳಿ. ನನಗೆ ಪಟ್ಟಿ ಓದಿದ್ದಕ್ಕಿಂತ ಇದರಿಂದಲೇ ಹೆಚ್ಚು ಉಪಯೋಗ ಆಯಿತು.

'ಆಬ್ಲಾಬಾ' ನಾನೂ ಹೌದು, ಅವನೂ ಹೌದು. ನಮ್ಮ 'ಮಾಡಿದೆ' ನಾನು, ನೀನು ಎರಡಕ್ಕೂ ಬರುವ ಹಾಗೆ. ಸಂದೇಹ ಬರುವ ಕಡೆ 'ಯೊ' (ನಾನು), 'ಎಲ್' (ಅವನು) ಹಾಕಿ, ಉಳಿದ ಕಡೆ ಬಿಡಿ.

ಸ್ಪೇನಿನವರ ಜೊತೆ ಮಾತಾಡುವುದಾದರೆ ಇನ್ನೊಂದು. ಇವತ್ತು ಬೆಳಗ್ಗೆ ತಿಂದದ್ದಕ್ಕೆ ಅವರು ಸಾಮಾನ್ಯವಾಗಿ 'ಎ ಕೊಮೀದೊ' ಅನ್ನುತ್ತಾರೆ, ನಮ್ಮ 'ತಿಂದಿದ್ದೇನೆ' ತರ. ಮೆಕ್ಸಿಕೋದಲ್ಲಿ ಅದಕ್ಕೂ 'ಕೊಮೀ' ನಡೆಯುತ್ತದೆ.