ಮಾರ್ಮನರ ಪಶ್ಚಾತ್ತಾಪಕ್ಕೂ ಉಳಿದ ಕ್ರೈಸ್ತರ ಪಶ್ಚಾತ್ತಾಪಕ್ಕೂ ಏನು ವ್ಯತ್ಯಾಸ?

ನಿಮ್ಮ ಪ್ರಶ್ನೆ ಇದು: ಅಮೆರಿಕದಲ್ಲಿ 1830ರಲ್ಲಿ ಹುಟ್ಟಿದ ಸಭೆಯವರಾದ ಮಾರ್ಮನರೂ ಯೇಸುವನ್ನೇ ನಂಬುತ್ತಾರೆ, ಪಶ್ಚಾತ್ತಾಪಪಡಿ ಅಂತಲೇ ಹೇಳುತ್ತಾರೆ, ಹಾಗಾದರೆ ಬೇರೆ ಕ್ರೈಸ್ತರಿಗೂ ಅವರಿಗೂ ಇಲ್ಲಿ ಭೇದ ಏನು? ಪದ ಒಂದೇ. ಕ್ಷಮೆ ಯಾವಾಗ ಸಿಗುತ್ತದೆ, ಯಾವುದರ ಆಧಾರದ ಮೇಲೆ ಸಿಗುತ್ತದೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಮೊದಲು ಪದವನ್ನೇ ನೋಡೋಣ. 'ಪಶ್ಚಾತ್ತಾಪ' ಎಂದರೆ ಮಾಡಿದ ಮೇಲೆ ಮನಸ್ಸು ಬೇಯುವುದು. ಹೊಸ ಒಡಂಬಡಿಕೆಯ ಗ್ರೀಕ್ ಪದ ಮೆಟನೋಯಾ, ಅಂದರೆ ಮನಸ್ಸು ಬೇರೆಯಾಗುವುದು. ಅದರ ಬೆನ್ನಿಗಿರುವ ಹೀಬ್ರೂ ಕ್ರಿಯಾಪದ ಶೂವ್: ತಿರುಗು, ಮರಳಿ ಬಾ. ಕನ್ನಡ ಸತ್ಯವೇದದ 'ಮಾನಸಾಂತರ', 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂಬ ಮಾತುಗಳು ಈ ಎರಡನ್ನೂ ಚೆನ್ನಾಗಿ ಹಿಡಿದಿವೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಬೆಂದುಹೋದ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಆದರೆ ಯೇಸುವಿನ ಬಳಿಗೆ ಮರಳಲಿಲ್ಲ. ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರ ಅತ್ತ, ಮರಳಿ ಬಂದ. ಪೌಲ 2 ಕೊರಿಂಥ 7:10ರಲ್ಲಿ ಎರಡು ಬಗೆಯ ದುಃಖ ಎಂದು ಬೇರ್ಪಡಿಸುವುದು ಇದನ್ನೇ. ಇಲ್ಲಿಯವರೆಗೆ ಮಾರ್ಮನರಿಗೂ ತಕರಾರಿಲ್ಲ.

ಇನ್ನು 'ಕ್ರೈಸ್ತರು' ಎಂದು ಒಂದೇ ಗಂಟು ಕಟ್ಟಬೇಡಿ. ಈ ಹೋಲಿಕೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕಥೋಲಿಕರಲ್ಲಿ ಇದು ಏಳು ಸಂಸ್ಕಾರಗಳಲ್ಲಿ ಒಂದು. ಪಾಪಿಯ ಕಡೆಯಿಂದ ಮೂರು ಬೇಕು: ಮನಸಾರೆ ದುಃಖ, ಗುರುಗಳ ಮುಂದೆ ಪಾಪನಿವೇದನೆ, ಅವರು ಹೇಳಿದ ಪ್ರಾಯಶ್ಚಿತ್ತ. ಗುರುಗಳ ಕಡೆಯಿಂದ ಪಾಪವಿಮೋಚನೆಯ ಮಾತು. ಗಂಭೀರ ಪಾಪವಿದ್ದವರು ವರ್ಷಕ್ಕೊಮ್ಮೆಯಾದರೂ ಹೇಳಿಕೊಳ್ಳಲೇಬೇಕು. ಈ ನಿಯಮ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯದು. ಆರ್ಥೊಡಾಕ್ಸ್ ಸಭೆಯಲ್ಲಿ ನಿವೇದನೆ ಕ್ರಿಸ್ತನ ಚಿತ್ರಪಟದ ಎದುರು ನಡೆಯುತ್ತದೆ, ಗುರು ಪಕ್ಕದಲ್ಲಿ ಸಾಕ್ಷಿಯಂತೆ ನಿಲ್ಲುತ್ತಾರೆ. ಪ್ರಾಟೆಸ್ಟೆಂಟರ ತಿರುವು 1517ರದ್ದು. ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಬೇಕು ಎಂಬುದು ಆ ತಿರುವಿಗೆ ಕಾರಣನಾದ ಜರ್ಮನ್ ಗುರು ಲೂಥರನ ತೊಂಬತ್ತೈದು ವಾದಗಳಲ್ಲಿ ಮೊದಲನೆಯದು. ಅವರ ಪ್ರಕಾರ ಪಾಪಿ ನೀತಿವಂತನೆನಿಸಿಕೊಳ್ಳುವುದು ಕ್ರಿಸ್ತನ ಮೇಲಿನ ನಂಬಿಕೆಯಿಂದ ಮಾತ್ರ. ಪಶ್ಚಾತ್ತಾಪ ಇರಲೇಬೇಕು, ಆದರೆ ಕ್ಷಮೆಯನ್ನು ಗಳಿಸಿಕೊಡುವುದು ಅದಲ್ಲ. ಅದು ನಂಬಿಕೆಯಿಂದ ಹುಟ್ಟುವ ಫಲ ಎಂದು ಇನ್ನೊಬ್ಬ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಬರೆದ.

ಈಗ ಮಾರ್ಮನರು. ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಸಭೆ ಇದು; ಈಗಿನ ಕೇಂದ್ರ ಸಾಲ್ಟ್ ಲೇಕ್ ಸಿಟಿ. 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್' ಎಂಬ ಪೂರ್ತಿ ಹೆಸರನ್ನೇ ಬಳಸಿ ಎಂದು 2018ರಿಂದ ಅವರು ಒತ್ತಿ ಕೇಳುತ್ತಿದ್ದಾರೆ. ಅವರ ವಿಶ್ವಾಸಸೂತ್ರಗಳ ನಾಲ್ಕನೆಯದರಲ್ಲಿ ಕ್ರಮ ಸ್ಪಷ್ಟವಾಗಿದೆ: ನಂಬಿಕೆ, ಪಶ್ಚಾತ್ತಾಪ, ಮುಳುಗಿಸಿ ಕೊಡುವ ದೀಕ್ಷಾಸ್ನಾನ, ಹಸ್ತಾರ್ಪಣೆಯಿಂದ, ಅಂದರೆ ತಲೆಯ ಮೇಲೆ ಕೈಯಿಟ್ಟು ಕೊಡುವ ಪವಿತ್ರಾತ್ಮವರ. ಆದಾಮನ ಪಾಪಕ್ಕೆ ಮಕ್ಕಳು ಹೊಣೆಯಲ್ಲ ಎಂಬುದು ಎರಡನೆಯ ಸೂತ್ರ. ಹಾಗಾಗಿ ಎಂಟು ವರ್ಷ ತುಂಬುವವರೆಗೆ ಮಗುವಿಗೆ ಪಶ್ಚಾತ್ತಾಪವೂ ಬೇಡ, ದೀಕ್ಷಾಸ್ನಾನವೂ ಬೇಡ.

ಅವರು ಕಲಿಸುವ ಹಂತಗಳು ಹೀಗೆ: ತಪ್ಪನ್ನು ಗುರುತಿಸು, ದುಃಖಪಡು, ಬಿಟ್ಟುಬಿಡು, ಒಪ್ಪಿಕೊ, ಆದ ನಷ್ಟ ತುಂಬಿಕೊಡು, ಬೇರೆಯವರನ್ನು ಕ್ಷಮಿಸು, ಆಜ್ಞೆಗಳಂತೆ ನಡೆ. 'ಒಪ್ಪಿಕೊಳ್ಳುವುದು, ಬಿಡುವುದು' ಎಂಬ ಎರಡು ಗುರುತುಗಳು ಅವರ ಧರ್ಮಗ್ರಂಥಗಳಲ್ಲಿ ಒಂದಾದ ಡಾಕ್ಟ್ರಿನ್ ಅಂಡ್ ಕವನೆಂಟ್ಸ್‌ನ 58:43ರಿಂದ ಬಂದವು. ದಿನನಿತ್ಯದ ತಪ್ಪುಗಳನ್ನು ನೇರ ದೇವರಿಗೇ ಹೇಳಿಕೊಂಡರೆ ಸಾಕು. ವ್ಯಭಿಚಾರದಂಥ ಗಂಭೀರ ಪಾಪವನ್ನು ಬಿಷಪರಿಗೂ ಹೇಳಬೇಕು. ಈ ಬಿಷಪ್ ಕಥೋಲಿಕ ಧರ್ಮಾಧ್ಯಕ್ಷರಂತಲ್ಲ. ಸ್ಥಳೀಯ ಸಭೆಯೊಂದನ್ನು ಸಾಮಾನ್ಯವಾಗಿ ಸುಮಾರು ಐದು ವರ್ಷ ಸಂಬಳವಿಲ್ಲದೆ ನೋಡಿಕೊಳ್ಳುವ ಸದಸ್ಯ, ಹೊಟ್ಟೆಪಾಡಿಗೆ ಬೇರೆ ಕೆಲಸ ಇರುವವರು. ಅವರು ಪಾಪವಿಮೋಚನೆ ಕೊಡುವುದಿಲ್ಲ, ದೇವರೊಬ್ಬನೇ ಕ್ಷಮಿಸುವವನು. ಸಭೆಯಲ್ಲಿ ಆ ವ್ಯಕ್ತಿಯ ಸ್ಥಾನಮಾನವನ್ನು ಅವರು ನೋಡುತ್ತಾರೆ. ಪ್ರತಿ ಭಾನುವಾರದ ರೊಟ್ಟಿ-ನೀರಿನ ಸಂಸ್ಕಾರ ಕೆಲಕಾಲ ತೆಗೆದುಕೊಳ್ಳಬೇಡಿ ಎನ್ನಬಹುದು, ದೇವಾಲಯ ಪ್ರವೇಶದ ಚೀಟಿಯನ್ನು ತಡೆಹಿಡಿಯಬಹುದು. ವಿಷಯ ಇನ್ನೂ ದೊಡ್ಡದಾದರೆ ಸದಸ್ಯತ್ವ ಸಮಿತಿ ಕೂರುತ್ತದೆ. ಸದಸ್ಯತ್ವವೇ ಹೋದರೆ ಮರಳಲು ಮತ್ತೆ ದೀಕ್ಷಾಸ್ನಾನ ಆಗಬೇಕು.

ಹೊರನೋಟಕ್ಕೆ ಇದು ಕಥೋಲಿಕರಿಗೆ ಹತ್ತಿರ ಅನಿಸುತ್ತದೆ. ಆದರೆ ಕಥೋಲಿಕನಿಗೆ ವಿಮೋಚನೆಯ ಮಾತು ಕಿವಿಗೆ ಬಿದ್ದ ಗಳಿಗೆಯೇ ಪಾಪ ಹೋಯಿತು. ಮತ್ತೆ ಬಿದ್ದರೆ ಅದು ಹೊಸ ಪಾಪ. ಮಾರ್ಮನರಲ್ಲಿ ಅಂಥ ಒಂದು ಗಳಿಗೆ ಇಲ್ಲ. ಬಿಟ್ಟುಬಿಟ್ಟದ್ದನ್ನು ಬದುಕಿ ತೋರಿಸುತ್ತಾ, ಒಳಗೆ ಶಾಂತಿ ಸಿಕ್ಕಾಗ ಕ್ಷಮೆ ಸಿಕ್ಕಿತೆಂದು ತಿಳಿಯಬೇಕು. ಅದೇ ಡಾಕ್ಟ್ರಿನ್ ಅಂಡ್ ಕವನೆಂಟ್ಸ್‌ನ 82:7 ಇನ್ನೂ ಕಠಿಣ: ಮತ್ತೆ ಪಾಪ ಮಾಡಿದವನಿಗೆ ಹಳೆಯ ಪಾಪಗಳೂ ಹಿಂದಿರುಗುತ್ತವೆ. ಇದನ್ನೇ ಹಗಲಿರುಳು ಎಣಿಸುತ್ತಾ ಕೂತವರಿಗೆ 'ನನ್ನ ಪಶ್ಚಾತ್ತಾಪ ಸಾಲದೇನೋ' ಎಂಬ ಭಯ ಬೇರುಬಿಡುತ್ತದೆ. ಅಂಥವರಿಗೆ ಹಂತಗಳ ಪಟ್ಟಿಯನ್ನೇ ಮತ್ತೆ ಓದಿಸಬೇಡಿ, ಭಯ ಹೆಚ್ಚುತ್ತದೆ. ಪ್ರಾಟೆಸ್ಟೆಂಟರಲ್ಲಿ ಕೆಡುವುದು ಇದರ ತದ್ವಿರುದ್ಧವಾಗಿ: ಕ್ಷಮೆ ಹೇಗೂ ಸಿಕ್ಕಿದೆ ಎಂದು, ಕದ್ದ ಹಣವನ್ನು ಹಿಂದಿರುಗಿಸುವ ಮಾತನ್ನೇ ಮರೆಯುವುದು. ಸುವಾರ್ತೆಯ ಸುಂಕದವ ಜಕ್ಕಾಯ, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದದ್ದನ್ನು ಅಂಥವರು ಮತ್ತೆ ಓದಬೇಕು.

ಎಲ್ಲರೂ ಜಗಳವಾಡುವ ವಾಕ್ಯ ಮಾರ್ಮನರ ಇನ್ನೊಂದು ಧರ್ಮಗ್ರಂಥವಾದ ಬುಕ್ ಆಫ್ ಮಾರ್ಮನ್‌ನ 2 ನೀಫೈ 25:23. ನಮ್ಮ ಕೈಲಾದದ್ದೆಲ್ಲ ಮಾಡಿದ ಮೇಲೆ ಕೃಪೆಯಿಂದಲೇ ರಕ್ಷಣೆ ಎಂಬುದು ಅದರ ತಾತ್ಪರ್ಯ. ಕೃಪೆಗೆ ಬೆಲೆ ಕಟ್ಟಿದ ಹಾಗಾಯಿತು ಎಂದು ಪ್ರಾಟೆಸ್ಟೆಂಟರು, ರಕ್ಷಣೆ ಕೃಪೆಯಿಂದ ನಂಬಿಕೆಯ ಮೂಲಕ, ಕೃತ್ಯಗಳಿಂದಲ್ಲ ಎನ್ನುವ ಎಫೆಸ 2:8-9 ತೋರಿಸುತ್ತಾರೆ. ಆದರೆ ಮಾರ್ಮನರ ನಾಯಕರಲ್ಲೊಬ್ಬರಾದ ಡೀಟರ್ ಉಕ್ಟ್‌ಡಾರ್ಫ್ 2015ರ ಏಪ್ರಿಲ್ ಭಾಷಣದಲ್ಲಿ, ಆ 'ಮೇಲೆ' ಎಂಬುದನ್ನು 'ಮಾಡಿದ್ದರಿಂದ' ಎಂದು ಓದಬಾರದು ಎಂದರು. ಈ ತಿದ್ದುಪಡಿಯನ್ನು ಬಿಟ್ಟು ವಾದಿಸುವುದು ನ್ಯಾಯವಲ್ಲ ಎಂದು ನನಗನಿಸುತ್ತದೆ. ಹಾಗೆಂದು ಅಂತರ ಅಳಿದುಹೋಗುವುದಿಲ್ಲ: ನಿಯಮ, ಸಂಸ್ಕಾರಗಳಿಗೆ ವಿಧೇಯರಾಗುವುದರ ಮೂಲಕ ರಕ್ಷಣೆ ಎಂಬ ಮೂರನೆಯ ಸೂತ್ರ ಹಾಗೆಯೇ ಇದೆ.

ಸಾವಿನ ನಂತರದ ವಿಷಯದಲ್ಲೂ ಭೇದವಿದೆ. ಸತ್ತವರೂ ಆತ್ಮಲೋಕದಲ್ಲಿ ಸುವಾರ್ತೆ ಕೇಳಿ ಪಶ್ಚಾತ್ತಾಪಪಡಬಹುದು, ಅವರ ಪರವಾಗಿ ಬದುಕಿರುವವರು ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆಯಬಹುದು ಎಂಬುದು ಮಾರ್ಮನರ ನಂಬಿಕೆ. ಬೆಂಗಳೂರಿಗೆ ಅಂಥ ದೇವಾಲಯ ಬರುತ್ತದೆಂದು 2018ರಲ್ಲಿ ಘೋಷಿಸಿದರು. ಕಥೋಲಿಕರ ಶುದ್ಧೀಕರಣ ಸ್ಥಳಕ್ಕೆ ಇದನ್ನು ಹೋಲಿಸಬೇಡಿ. ಅಲ್ಲಿಗೆ ಹೋಗುವವರು ಸಾಯುವ ಮುಂಚೆಯೇ ದೇವರ ಕಡೆ ತಿರುಗಿದವರು.

ನಿಮ್ಮ ಮನೆಬಾಗಿಲಿಗೆ ಅವರ ಯುವ ಪ್ರಚಾರಕರು ಬಂದರೆ 'ಪಶ್ಚಾತ್ತಾಪ ಬೇಕೇ' ಎಂದು ಕೇಳಬೇಡಿ, ಯಾರಾದರೂ ಹೌದೆನ್ನುತ್ತಾರೆ. 'ನಿನ್ನೆಯ ಪಾಪ ಕ್ಷಮೆಯಾಯಿತೆಂದು ಇವತ್ತು ನಿಮಗೆ ಹೇಗೆ ಗೊತ್ತು?' ಎಂದು ಕೇಳಿ. ಪರಿಚಯದ ಕಥೋಲಿಕರನ್ನೂ ಪ್ರಾಟೆಸ್ಟೆಂಟರನ್ನೂ ಅದನ್ನೇ ಕೇಳಿ. ಮೂವರೂ ಮೂರು ಕಡೆ ಬೆರಳು ತೋರಿಸುತ್ತಾರೆ.